ಕಂಬದ ಬುಡವೇ ಕಟ್ಟಡದ ಬಲ

ಕಂಬಗಳನ್ನು ನಿಲ್ಲಿಸಿ, ಅವುಗಳ ಮೇಲೆ ತೊಲೆ ಜಂತಿಗಳನ್ನು ಹೊರಿಸಿ ಕಟ್ಟುವ ಕ್ರಮವು ಅತಿ ಪ್ರಾಚೀನವಾದುದು. ದನದ ಕೊಟ್ಟಿಗೆಗೂ ಮಕ್ಕಳ ಊಟದ ಚಪ್ಪರಕ್ಕೂ ಇದು ಇಂದಿಗೂ ಮಿತವ್ಯಯದ ಮಾರ್ಗವಾಗಿದೆ. ಇಲ್ಲಿ ಮಾಡಿನ ಭಾರವೆಲ್ಲ ಕಂಬಗಳ ಮೂಲಕವೇ ನೆಲಕ್ಕಿಳಿಯುವುದರಿಂದ, ಕಟ್ಟಡದ ಆಯುಷ್ಯವು ಕಂಬದ ಬುಡವನ್ನು ಅವಲಂಬಿಸಿರುತ್ತದೆ.

ಹೂಳಿದ ಕಂಬವು ಹೆಚ್ಚಾಗಿ ಕೊಳೆಯುವುದು ಆಳದಲ್ಲಲ್ಲ, ನೆಲಮಟ್ಟದಲ್ಲಿ. ಮರವನ್ನು ಕೊಳೆಸುವ ಶಿಲೀಂಧ್ರಗಳಿಗೆ ಅಗತ್ಯವಾದ ತೇವ ಮತ್ತು ಗಾಳಿ ಎರಡೂ ಅಲ್ಲಿ ದೊರೆಯುತ್ತವೆ. ಗೆದ್ದಲೂ ಮಣ್ಣಿನಿಂದಲೇ ಏರುತ್ತದೆ. ಇದಕ್ಕೆ ಎರಡು ಪರಿಹಾರಗಳುಂಟು.

ಮೊದಲನೆಯದು, ಕಂಬವನ್ನು ಮಣ್ಣಿನಿಂದ ಮೇಲೆತ್ತುವುದು. ಕರ್ನಾಟಕದ ಹಳೆಯ ತೊಟ್ಟಿಮನೆಗಳಲ್ಲಿ ಮರದ ಕಂಬಗಳು ಕಲ್ಲಿನ ಪೀಠದ ಮೇಲೆ ನಿಂತಿರುತ್ತವೆ. ಆದರೆ ಹಾಗೆ ನಿಂತ ಕಂಬಕ್ಕೆ ನೆಲದ ಹಿಡಿತವಿಲ್ಲ. ಗಾಳಿಯ ನೂಕನ್ನು ಆ ಮನೆಗಳಲ್ಲಿ ದಪ್ಪ ಗೋಡೆಗಳು ತಡೆಯುತ್ತವೆ. ಗೋಡೆಯಿಲ್ಲದ ಚಪ್ಪರದಲ್ಲಿ ಕಂಬಕ್ಕೂ ತೊಲೆಗೂ ನಡುವೆ ಓರೆಯಾಗಿ ಆಸರೆಮರಗಳನ್ನು ಜೋಡಿಸಲೇಬೇಕು. ಚೌಕವು ಓರೆಯಾಗಬಲ್ಲದು, ತ್ರಿಕೋನವು ಆಕಾರಗೆಡದು.

ಎರಡನೆಯದು, ಮರವನ್ನು ಸಂಸ್ಕರಿಸಿ ಹೂಳುವುದು. ಡೆಹರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯ ಸೋಂಟಿ ಕಾಮೇಶಂ ಅವರು 1933ರಲ್ಲಿ ತಾಮ್ರ, ಕ್ರೋಮಿಯಂ, ಆರ್ಸೆನಿಕ್‌ಗಳ ಮಿಶ್ರಣವೊಂದನ್ನು ರೂಪಿಸಿದರು. ಮಳೆಗೆ ಸುಲಭವಾಗಿ ತೊಳೆದುಹೋಗದ ಈ ಸಂರಕ್ಷಕವು ಲೋಕದಾದ್ಯಂತ ಬಳಕೆಗೆ ಬಂದಿತು. ಆರ್ಸೆನಿಕ್ ವಿಷವಾದುದರಿಂದ, ಅಮೆರಿಕದಲ್ಲಿ ವಾಸದ ಮನೆಗಳಿಗಾಗಿ ಇದರ ಬಳಕೆಯು 2003ರ ಅಂತ್ಯಕ್ಕೆ ಬಹುಮಟ್ಟಿಗೆ ನಿಂತಿತು. ಇಂತಹ ಮರದ ತುಂಡುಗಳನ್ನು ಒಲೆಗೆ ಹಾಕಬಾರದು. ಮಕ್ಕಳು ಮುಟ್ಟುವೆಡೆ ಬಳಸದಿರುವುದೇ ಲೇಸು.

ಹೂಳುವ ಮುನ್ನ ಹಗ್ಗ ಹಿಡಿದು ಮೂಲೆಗಳನ್ನು ಸರಿಪಡಿಸಬೇಕು. ಮೂಲೆಯಿಂದ ಒಂದು ಬದಿಗೆ 3 ಮೊಳ, ಇನ್ನೊಂದು ಬದಿಗೆ 4 ಮೊಳ ಗುರುತಿಸಿದಾಗ, ಗುರುತುಗಳ ನಡುವೆ 5 ಮೊಳವಿದ್ದರೆ ಮೂಲೆಯು ಸರಿಯೆಂದರ್ಥ. ಸಾಧಾರಣ ಎತ್ತರದ ಕೊಟ್ಟಿಗೆಗೆ ಸುಮಾರು 4 ಅಡಿ ಆಳದ ಗುಂಡಿ ಬೇಕು. ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಗೆಯಲ್ಲಿ ಬಿರಿಯುವುದರಿಂದ, ಅಂತಹ ನೆಲದಲ್ಲಿ ಗಟ್ಟಿ ಪದರ ಸಿಗುವವರೆಗೆ ಅಗೆಯಬೇಕು. ತಳದಲ್ಲಿ ಚಪ್ಪಟೆ ಕಲ್ಲನ್ನಿಟ್ಟು ಕಂಬವನ್ನು ನಿಲ್ಲಿಸಿ, ತೂಗುಗುಂಡಿನಿಂದ ಎರಡು ಬದಿಗಳಲ್ಲಿ ನೇರ ನೋಡಬೇಕು. ಬಳಿಕ ಗರಸನ್ನು ಅರ್ಧ ಅಡಿಯಷ್ಟು ತುಂಬಿ, ಪ್ರತಿ ಪದರವನ್ನೂ ದಮ್ಮಸು ಮಾಡಬೇಕು. ನೀರು ನಿಲ್ಲದಂತೆ ಬುಡದ ಸುತ್ತ ಮಣ್ಣನ್ನು ಇಳಿಜಾರಾಗಿಸಬೇಕು.

ತೊಲೆಯು ಬರಿಯ ಮೊಳೆಗಳ ಮೇಲೆ ನೇತಾಡದೆ, ಕಂಬದ ತಲೆಯಲ್ಲಿ ಕೊರೆದ ಕಚ್ಚಿನಲ್ಲಿ ಕುಳಿತು ಬೋಲ್ಟಿನಿಂದ ಬಿಗಿಯಲ್ಪಡಬೇಕು. ತಗಡಿನ ಮಾಡನ್ನು ಬಿರುಗಾಳಿಯು ಮೇಲಕ್ಕೆ ಸೆಳೆಯುವುದರಿಂದ, ಅದನ್ನು ಜಂತಿಗೂ, ಜಂತಿಯನ್ನು ತೊಲೆಗೂ, ತೊಲೆಯನ್ನು ಕಂಬಕ್ಕೂ ಬಂಧಿಸುವುದು ಅವಶ್ಯಕ.

ಕಟ್ಟಿದೊಡನೆ ಹೊಣೆ ಮುಗಿಯದು. ವರ್ಷಕ್ಕೊಮ್ಮೆ, ಮಳೆಗಾಲ ಕಳೆದ ಮೇಲೆ, ಬುಡದ ಮಣ್ಣನ್ನು ತುಸು ಸರಿಸಿ ಚೂಪಾದ ಮೊಳೆಯಿಂದ ಮರವನ್ನು ಚುಚ್ಚಿ ನೋಡಬೇಕು. ಮೊಳೆಯು ಸುಲಭವಾಗಿ ಇಳಿದರೆ ಆ ಕಂಬವನ್ನು ಬದಲಿಸುವ ಕಾಲ ಬಂದಿದೆಯೆಂದು ತಿಳಿಯಬೇಕು. ಮಕ್ಕಳು ಕುಳಿತುಣ್ಣುವ ಚಪ್ಪರಗಳಲ್ಲಿ ಈ ಪರೀಕ್ಷೆಯನ್ನು ಎಂದಿಗೂ ತಪ್ಪಿಸಲಾಗದು.