ಒಂದು ಸ್ನಾಯುವಿಗೆ ಒಂದೇ ಕೆಲಸವೇ?

ಅಂಗರಚನಾಶಾಸ್ತ್ರದ ಪ್ರಯೋಗಾಲಯಕ್ಕೆ ಹೊಸದಾಗಿ ಬಂದ ನರ್ಸಿಂಗ್, ಫಿಸಿಯೋಥೆರಪಿ, ವೈದ್ಯಕೀಯ ವಿದ್ಯಾರ್ಥಿಗಳು ಸ್ನಾಯುಗಳನ್ನು ಸಾಮಾನ್ಯವಾಗಿ ಕೋಷ್ಟಕದಲ್ಲಿಟ್ಟು ಕಲಿಯುತ್ತಾರೆ: ಹೆಸರು, ಹುಟ್ಟುವ ಜಾಗ, ಸೇರುವ ಜಾಗ, ಕೆಲಸ. ಬೈಸೆಪ್ಸ್ ಮೊಳಕೈ ಮಡಿಸುತ್ತದೆ, ಟ್ರೈಸೆಪ್ಸ್ ನೇರವಾಗಿಸುತ್ತದೆ. ಶಾಲೆಯಿಂದಲೇ ಜೊತೆಗೆ ಬಂದ ಈ ನಂಬಿಕೆ ಪೂರ್ತಿ ಸುಳ್ಳಲ್ಲ. ಆದರೆ ಅಷ್ಟನ್ನೇ ಬಾಯಿಪಾಠ ಮಾಡಿಸಿದರೆ ಬದುಕಿರುವ ದೇಹ ಹೇಗೆ ಚಲಿಸುತ್ತದೆ ಎನ್ನುವುದು ಕೊನೆಗೂ ಅರ್ಥವಾಗುವುದಿಲ್ಲ.

ನೀರು ತುಂಬಿದ ಚೊಂಬನ್ನು ಮೆಲ್ಲಗೆ ಮೇಜಿನ ಮೇಲೆ ಇಳಿಸುತ್ತಾ, ಇನ್ನೊಂದು ಕೈಯಿಂದ ತೋಳನ್ನು ಮುಟ್ಟಿ ನೋಡಿ. ಮೊಳಕೈ ನೇರವಾಗುತ್ತಿದೆ, ಹಾಗಾಗಿ ಕೋಷ್ಟಕದ ಪ್ರಕಾರ ಟ್ರೈಸೆಪ್ಸ್ ದುಡಿಯಬೇಕು. ಆದರೆ ತೋಳಿನ ಹಿಂಭಾಗ ಸಡಿಲವಾಗಿಯೇ ಇರುತ್ತದೆ, ಬಿಗಿಯಾಗಿರುವುದು ಮುಂಭಾಗ. ಕೈಯನ್ನು ಕೆಳಕ್ಕೆ ಎಳೆಯುತ್ತಿರುವುದು ಗುರುತ್ವ. ಚೊಂಬು ದಡಕ್ಕನೆ ಬೀಳದಂತೆ ಮುಂದಿನ ಸ್ನಾಯುಗಳು ಉದ್ದವಾಗುತ್ತಲೇ ತಡೆ ಹಿಡಿಯುತ್ತಿವೆ. ಇನ್ನು ಬೈಸೆಪ್ಸ್ ಸೇರುವುದು ಮುಂಗೈಯಲ್ಲಿ ತಿರುಗುವ ಎಲುಬಾದ ರೇಡಿಯಸ್‌ಗೆ. ಆದ್ದರಿಂದ ಅಂಗೈಯನ್ನು ಮೇಲ್ಮುಖವಾಗಿ ತಿರುಗಿಸುವುದೂ, ಬಲಗೈಯಲ್ಲಿ ಸ್ಕ್ರೂ ಬಿಗಿಮಾಡುವುದೂ ಅದರ ದೊಡ್ಡ ಕೆಲಸಗಳೇ. ಅದರ ಅಡಿಯಲ್ಲಿರುವ ಬ್ರೇಕಿಯಾಲಿಸ್ ಸೇರುವುದು ಹಾಗೆ ತಿರುಗದ ಅಲ್ನಾ ಎಲುಬಿಗೆ. ಹಾಗಾಗಿ ಅಂಗೈ ಯಾವ ಕಡೆಗಿದ್ದರೂ ಮೊಳಕೈ ಮಡಿಸಲು ಒಂದೇ ಸಮನಾಗಿ ಒದಗುವುದು ಅದೇ. ಹೊರಗೆ ಉಬ್ಬಿ ಕಾಣುವ ಬೈಸೆಪ್ಸ್‌ಗೆ ಸಿಕ್ಕ ಹೆಸರು ಈ ಸ್ನಾಯುವಿಗೆ ಸಿಗಲಿಲ್ಲ.

ಸೊಂಟದ ಪಕ್ಕದ ಗ್ಲೂಟಿಯಸ್ ಮೀಡಿಯಸ್ ಇನ್ನೂ ಬಲವಾದ ಸಾಕ್ಷಿ. ಕೋಷ್ಟಕದಲ್ಲಿ ಅದರ ಕೆಲಸ ತೊಡೆಯನ್ನು ಪಕ್ಕಕ್ಕೆ ಎತ್ತುವುದು. ದಿನವಿಡೀ ನಡೆಯುವಾಗ ಅದು ಮಾಡುವುದು ಬೇರೆ: ಒಂದು ಕಾಲ ಮೇಲೆ ಭಾರ ಬಿದ್ದಾಗ ತೊಡೆ ಕದಲದೆ ನಿಲ್ಲುತ್ತದೆ, ಅದೇ ಬದಿಯ ಈ ಸ್ನಾಯು ಸೊಂಟದ ಎಲುಬನ್ನು ಮಟ್ಟವಾಗಿ ಹಿಡಿದಿಡುತ್ತದೆ. ಅದು ದುರ್ಬಲವಾದರೆ ಎತ್ತಿದ ಕಾಲಿನ ಬದಿಯ ಸೊಂಟ ಕೆಳಕ್ಕೆ ಜಾರುತ್ತದೆ. ಜರ್ಮನ್ ಶಸ್ತ್ರವೈದ್ಯ ಟ್ರೆಂಡೆಲೆನ್‌ಬರ್ಗ್ 1895ರಲ್ಲಿ ವಿವರಿಸಿದ ಲಕ್ಷಣ ಇದು. ಫ್ರಾನ್ಸಿನ ಡ್ಯುಶೆನ್ ಇನ್ನೂ ಮುಂಚೆ, ಸ್ನಾಯುಗಳನ್ನು ಒಂದೊಂದಾಗಿ ವಿದ್ಯುತ್ತಿನಿಂದ ಪ್ರಚೋದಿಸಿ, ಪಾರ್ಶ್ವವಾಯು ಪೀಡಿತರ ಚಲನೆಯೊಂದಿಗೆ ಹೋಲಿಸಿದ್ದ. ಸಹಜ ಚಲನೆಯಲ್ಲಿ ಸ್ನಾಯು ಒಂಟಿಯಾಗಿ ದುಡಿಯುವುದಿಲ್ಲ ಎಂದು ಆತ 1867ರ ಗ್ರಂಥದಲ್ಲೇ ತೋರಿಸಿಕೊಟ್ಟ.

ಶವದ ಮೇಲೆ ಸ್ನಾಯುರಜ್ಜು ಎಳೆದರೆ ಕೋಷ್ಟಕ ಹೇಳಿದ ಚಲನೆಯೇ ಕಾಣುತ್ತದಲ್ಲ ಎಂದು ಕೇಳಬಹುದು. ಹೌದು, ಆದರೆ ಎಳೆತದ ದಿಕ್ಕು ತಿಳಿಯುತ್ತದೆಯೇ ಹೊರತು, ಯಾವ ಹೊತ್ತಿಗೆ ಯಾವ ಸ್ನಾಯುವನ್ನು ನರ ಎಚ್ಚರಿಸುತ್ತದೆ ಎಂಬುದನ್ನು ಶವ ಹೇಳಲಾರದು. ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ: ಹೊಸಬರಿಗೆ ಇಷ್ಟೆಲ್ಲ ಹೊರೆಯಾಗುವುದಿಲ್ಲವೇ? ನೂರಾರು ಹೆಸರುಗಳನ್ನು ಕಲಿಯುವುದಂತೂ ತಪ್ಪದು, ಅದನ್ನು ಬಿಡಿ ಎನ್ನುವುದು ಬೇಜವಾಬ್ದಾರಿ. ಆದರೆ ಕೆಲಸಗಳ ಕಾಲಮ್ಮನ್ನು ಉರುಹೊಡೆಯಬೇಕಿಲ್ಲ. ಸ್ನಾಯು ಎಳೆಯಬಲ್ಲದು, ತಳ್ಳಲಾರದು. ಅದು ಯಾವ ಕೀಲನ್ನು ಯಾವ ಬದಿಯಿಂದ ದಾಟುತ್ತದೆ ಎಂದು ನೋಡಿದರೆ ಬಹುಪಾಲು ಕೆಲಸಗಳನ್ನು ವಿದ್ಯಾರ್ಥಿಯೇ ಊಹಿಸಬಲ್ಲ. ಅದಕ್ಕೆ ಮಾದರಿಯ ಪಕ್ಕದಲ್ಲೇ ತಮ್ಮ ತೋಳು ತೊಡೆಗಳನ್ನು ಮುಟ್ಟಿ ನೋಡುವ ಅವಕಾಶ ಬೇಕು. ಪ್ರಾಯೋಗಿಕ ಪರೀಕ್ಷೆಯೂ ಅದಕ್ಕೆ ತಕ್ಕಂತೆ ಬದಲಾಗಬೇಕು: ಗುರುತು ಚುಚ್ಚಿದ ಸ್ನಾಯುವಿನ ಹೆಸರು ಕೇಳಿದ ಮೇಲೆ, ಚೊಂಬು ಇಳಿಸುವಾಗ ಅದು ಏನು ಮಾಡುತ್ತದೆ ಎಂದೂ ಕೇಳಬೇಕು.