ಟ್ರಾಕ್ಟರಿಗೆ ದೊಡ್ಡ ಟೈರು ಹಾಕಿಸುವ ಮುನ್ನ



ಎತ್ತು ಕೊಳ್ಳುವಾಗ ಹಲ್ಲು ನೋಡಿ, ಸುಳಿ ನೋಡಿ, ಕೊನೆಗೆ ಕಾಲೆತ್ತಿಸಿ ಗೊರಸು ನೋಡುವುದು ನಮ್ಮವರ ವಾಡಿಕೆ. ಗೊರಸು ಸರಿಯಿಲ್ಲದ ಎತ್ತು ಎಷ್ಟು ಮೈಕಟ್ಟಿನದಾದರೂ ಕೆಲಸಕ್ಕೆ ಬಾರದು. ಟ್ರಾಕ್ಟರಿಗೆ ಟೈರೇ ಗೊರಸು. ಎಂಜಿನ್ನಿನ ಬಲವೆಲ್ಲ ನೆಲಕ್ಕೆ ಇಳಿಯುವುದು ಮಣ್ಣು ಕಚ್ಚಿ ನಿಲ್ಲುವ ಆ ರಬ್ಬರಿನ ಮೂಲಕವೇ. ಆದರೂ ಟ್ರಾಕ್ಟರು ಕೊಳ್ಳುವಾಗ ತೋರುವ ಎಚ್ಚರಿಕೆಯನ್ನು ಟೈರು ಬದಲಿಸುವಾಗ ನಾವು ತೋರುವುದಿಲ್ಲ.

ಹಳ್ಳಿಗಳಲ್ಲಿ ತಿರುಗುವಾಗ ಮೇಲಿಂದ ಮೇಲೆ ಕೇಳಿಬರುವ ಪ್ರಶ್ನೆ ಇದು: “ಹಿಂದಿನ ಟೈರು ಸವೆದಿದೆ. ಅದೇ ಅಳತೆಯದನ್ನು ಹಾಕಿಸಲೋ, ಒಂದು ಅಳತೆ ದೊಡ್ಡದನ್ನು ಹಾಕಿಸಲೋ? ದೊಡ್ಡದಾದರೆ ಹೆಚ್ಚು ಎಳೆಯುತ್ತದೆಯಂತೆ, ನಿಜವೇ?” ಇದಕ್ಕೆ ಒಂದೇ ಮಾತಿನ ಉತ್ತರವಿಲ್ಲ. ದೊಡ್ಡ ಟೈರು ಹಿಡಿತವನ್ನು ಹೆಚ್ಚಿಸಬಲ್ಲದು. ಎಂಜಿನ್ನಿನ ಬಲವನ್ನು ಹೆಚ್ಚಿಸಲಾರದು. ಈ ಎರಡರ ವ್ಯತ್ಯಾಸ ತಿಳಿದರೆ ಸಾವಿರಾರು ರೂಪಾಯಿ ಉಳಿದೀತು.

ಟೈರಿನ ಮೇಲಿನ ಅಂಕಿಗಳು

ನಮ್ಮ ಟ್ರಾಕ್ಟರುಗಳ ಹಿಂದಿನ ಟೈರಿನ ಮೇಲೆ 12.4-28, 13.6-28, 14.9-28 ಎಂಬ ಅಂಕಿಗಳನ್ನು ನೀವು ನೋಡಿರಬಹುದು. ಮೊದಲನೆಯದು ಟೈರಿನ ಅಗಲ, ಎರಡನೆಯದು ಅದು ಕೂರುವ ರಿಮ್ಮಿನ ಅಡ್ಡಳತೆ, ಎರಡೂ ಅಂಗುಲಗಳಲ್ಲಿ. ಈ ಮೂರು ಟೈರುಗಳೂ 28 ಅಂಗುಲದ ರಿಮ್ಮಿನವೇ ಆದರೂ ಎತ್ತರದಲ್ಲಿ ಒಂದೇ ಅಲ್ಲ. 12.4ರ ಟೈರು ಸುಮಾರು 1,260 ಮಿಲಿಮೀಟರು, 13.6ರದು ಸುಮಾರು 1,310, 14.9ರದು ಸುಮಾರು 1,365 ಮಿಲಿಮೀಟರು ಎತ್ತರ ನಿಲ್ಲುತ್ತವೆ. ರೇಡಿಯಲ್ ಟೈರುಗಳ ಮೇಲೆ 340/85 ಆರ್ 28 ಎಂದಿದ್ದರೆ ಅದು 13.6ಕ್ಕೆ ಸಮ, 380/85 ಆರ್ 28 ಎಂದಿದ್ದರೆ 14.9ಕ್ಕೆ ಸಮ.

ಪಿ.ಆರ್. ಎಂಬ ಅಕ್ಷರಗಳ ಜೊತೆಗಿರುವ ಅಂಕಿ ಟೈರಿನ ಭಾರ ಹೊರುವ ಶಕ್ತಿಯನ್ನು ಹೇಳುತ್ತದೆ. ಆರ್-1 ಎಂದರೆ ಸಾಧಾರಣ ಹಲ್ಲಿನ ಟೈರು. ಉಳುಮೆಗೂ ರಸ್ತೆಗೂ ಸರಿ. ಆರ್-2 ಎಂದರೆ ಕೆಸರು ಗದ್ದೆಗೆಂದು ಮಾಡಿದ ಆಳವಾದ ಹಲ್ಲಿನ ಟೈರು. ಇದನ್ನು ಟಾರು ರಸ್ತೆಯಲ್ಲಿ ದಿನವೂ ಓಡಿಸಿದರೆ ಹಲ್ಲು ಬೇಗ ಸವೆದು ಹಾಕಿದ ದುಡ್ಡು ರಸ್ತೆಯ ಪಾಲಾಗುತ್ತದೆ.

ದೊಡ್ಡ ಟೈರಿನ ನಿಜವಾದ ಲಾಭ

ಒಂದು ಕಾಲಕ್ಕೆ ಟ್ರಾಕ್ಟರುಗಳಿಗೆ ಕಬ್ಬಿಣದ ಗಾಲಿಗಳೇ ಇದ್ದವು. 1932ರಲ್ಲಿ ಅಮೆರಿಕದ ಅಲಿಸ್-ಚಾಮರ್ಸ್ ಕಂಪನಿಯವರು ಫೈರ್‌ಸ್ಟೋನ್ ಕಂಪನಿಯ ವಿಮಾನದ ಟೈರುಗಳನ್ನು ತಂದು ಟ್ರಾಕ್ಟರಿಗೆ ಹಾಕಿ ನೋಡಿದರು. ದೊಡ್ಡ ಟೈರಿಗೆ ಕಡಿಮೆ ಗಾಳಿ ತುಂಬಿದ್ದರಿಂದ ಅದು ನೆಲಕ್ಕೆ ಅಗಲವಾಗಿ ಒರಗಿ ಮಣ್ಣನ್ನು ಹಿಡಿಯಿತು. ಅಲ್ಲಿಂದ ಮುಂದೆ ಕೆಲವೇ ವರ್ಷಗಳಲ್ಲಿ ರಬ್ಬರು ಟೈರು ಬಳಕೆಗೆ ಬಂತು.

ಇದರಲ್ಲಿ ನಮಗೊಂದು ಪಾಠವುಂಟು. ದೊಡ್ಡ ಟೈರಿನ ಗುಣವಿರುವುದು ಅದರ ಗಾತ್ರದಲ್ಲಲ್ಲ. ಅಷ್ಟೇ ಭಾರವನ್ನು ಕಡಿಮೆ ಗಾಳಿಯಲ್ಲಿ ಹೊರುವುದರಲ್ಲಿ. ಟೈರು ನೆಲವನ್ನು ಒತ್ತುವ ಒತ್ತಡ ಹೆಚ್ಚುಕಡಿಮೆ ಅದರೊಳಗಿನ ಗಾಳಿಯ ಒತ್ತಡದಷ್ಟೇ ಇರುತ್ತದೆ. 14 ಪೌಂಡು ಗಾಳಿ ಎಂದರೆ ಒಂದು ಚದರ ಸೆಂಟಿಮೀಟರು ನೆಲದ ಮೇಲೆ ಸುಮಾರು 1 ಕಿಲೋ ಭಾರ. ದೊಡ್ಡ ಟೈರು ಹಾಕಿಸಿ ಅದಕ್ಕೆ 25 ಪೌಂಡು ಗಾಳಿ ಹೊಡೆಸಿದರೆ ಹಿಡಿತವೂ ಹೋಯಿತು, ನೆಲವೂ ಗಟ್ಟಿಯಾಯಿತು. ಉಳುಮೆಯ ಪದರದ ಕೆಳಗೆ ಮಣ್ಣು ಬಿಗಿದು ಬೇರು ಇಳಿಯದೆ, ಮಳೆಯ ನೀರು ಇಂಗದೆ ಬೆಳೆ ಸೊರಗುವುದು ಇದರಿಂದಲೇ.

ಸಾಮಾನ್ಯವಾಗಿ ಹಿಂದಿನ ಟೈರಿಗೆ ಹೊಲದಲ್ಲಿ ಸುಮಾರು 12ರಿಂದ 14 ಪೌಂಡು, ಭಾರ ಎಳೆಯುವ ರಸ್ತೆಗೆ 18ರಿಂದ 20 ಪೌಂಡು ಗಾಳಿ ಸಾಕು. ನಿಮ್ಮ ಟ್ರಾಕ್ಟರಿನ ಕೈಪಿಡಿಯಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಅನುಸರಿಸತಕ್ಕದ್ದು.

ಕಾಣದ ನಷ್ಟ

ಬಾವಿಯಿಂದ ನೀರು ಸೇದುವ ಉರುಳೆಯನ್ನು ನೆನೆಯಿರಿ. ಉರುಳೆ ದಪ್ಪವಾದರೆ ಒಂದು ಸುತ್ತಿಗೆ ಹೆಚ್ಚು ಹಗ್ಗ ಸುತ್ತುತ್ತದೆ, ಕೊಡ ಬೇಗ ಮೇಲೆ ಬರುತ್ತದೆ. ಆದರೆ ತಿರುಗಿಸುವ ಕೈಗೆ ಭಾರ ಹೆಚ್ಚು. ಟೈರು ಎತ್ತರವಾದರೂ ಹೀಗೆಯೇ. 13.6ರ ಬದಲು 14.9 ಹಾಕಿಸಿದರೆ ಅದೇ ಗೇರಿನಲ್ಲಿ ವೇಗ ನೂರಕ್ಕೆ 4ರಷ್ಟು ಹೆಚ್ಚುತ್ತದೆ. ಎಂಜಿನ್ನು ಚಕ್ರದ ಮೂಲಕ ಕೊಡುವ ಎಳೆತ ಅಷ್ಟೇ ತಗ್ಗುತ್ತದೆ. 12.4ರಿಂದ ನೇರವಾಗಿ 14.9ಕ್ಕೆ ಹೋದರೆ ಈ ವ್ಯತ್ಯಾಸ ನೂರಕ್ಕೆ 8. ಹಿಂದೆ ಮೂರನೆಯ ಗೇರಿನಲ್ಲಿ ಹತ್ತುತ್ತಿದ್ದ ದಿಬ್ಬಕ್ಕೆ ಈಗ ಎರಡನೆಯ ಗೇರು ಬೇಕಾದೀತು. ರೋಟವೇಟರು ತಿರುಗುವ ವೇಗ ಮೊದಲಿನಷ್ಟೇ ಇದ್ದು ಟ್ರಾಕ್ಟರು ಮುಂದಕ್ಕೆ ಬೇಗ ಸರಿಯುವುದರಿಂದ ಹೆಂಟೆ ದಪ್ಪವಾಗಿ ಉಳಿದೀತು.

ಎಲ್ಲಕ್ಕಿಂತ ಮುಖ್ಯವಾದುದು ಬ್ರೇಕು. ಚಕ್ರ ದೊಡ್ಡದಾದಷ್ಟೂ ಅದೇ ಬ್ರೇಕಿನ ಹಿಡಿತ ಕಡಿಮೆ. ಕಬ್ಬು ತುಂಬಿದ ಟ್ರೇಲರಿಗೆ ಸ್ವಂತ ಬ್ರೇಕು ಇಲ್ಲದಿದ್ದರೆ ಇಳಿಜಾರಿನಲ್ಲಿ ಆ ನೂರಕ್ಕೆ 8 ಎಂಬುದು ಚಿಕ್ಕ ಮಾತಲ್ಲ.

ನಾಲ್ಕೂ ಚಕ್ರ ಎಳೆಯುವ ಟ್ರಾಕ್ಟರಿಗೆ

ಫೋರ್ ವ್ಹೀಲ್ ಡ್ರೈವ್ ಟ್ರಾಕ್ಟರು ಇರುವವರು ಇನ್ನೂ ಎಚ್ಚರವಾಗಿರಬೇಕು. ಇಂಥ ಟ್ರಾಕ್ಟರಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಸ್ವಲ್ಪ, ಅಂದರೆ ನೂರಕ್ಕೆ 1ರಿಂದ 5ರಷ್ಟು, ಹೆಚ್ಚು ವೇಗದಲ್ಲಿ ಸರಿಯುವಂತೆ ಗೇರುಗಳನ್ನು ಜೋಡಿಸಿರುತ್ತಾರೆ. ಮುಂದಿನ ಎತ್ತು ಅರ್ಧ ಹೆಜ್ಜೆ ಮುಂದಿರುವಂತೆ. ಹಿಂದಿನ ಟೈರನ್ನು ಮಾತ್ರ ದೊಡ್ಡದು ಮಾಡಿದರೆ ಹಿಂದಿನ ಚಕ್ರ ಮುಂದಿನದನ್ನು ನೂಕತೊಡಗುತ್ತದೆ. ಒಂದೇ ನೊಗದ ಎರಡು ಎತ್ತು ಒಂದನ್ನೊಂದು ಎಳೆದಾಡಿದಂತೆ ಗೇರುಗಳ ಮೇಲೆ ಒತ್ತಡ ಬಿದ್ದು, ಟೈರು ಸವೆದು, ಡೀಸೆಲು ವ್ಯರ್ಥವಾಗುತ್ತದೆ. ಆದುದರಿಂದ ಬದಲಿಸುವುದಾದರೆ ಕಂಪನಿಯವರು ಸೂಚಿಸಿದ ಜೋಡಿಯನ್ನೇ, ಮುಂದೆ ಹಿಂದೆ ಎರಡನ್ನೂ, ಬದಲಿಸಬೇಕು. ಟಾರು ರಸ್ತೆಯಲ್ಲಿ ಮುಂದಿನ ಚಕ್ರದ ಎಳೆತವನ್ನು ಬಿಡಿಸಿಯೇ ಓಡಿಸಬೇಕು.

ರಿಮ್ಮು ಮತ್ತು ಸಂದು

ಅಗಲ ಟೈರಿಗೆ ಅಗಲ ರಿಮ್ಮು ಬೇಕು. 12.4ಕ್ಕೆ ಡಬ್ಲ್ಯು-11, 13.6ಕ್ಕೆ ಡಬ್ಲ್ಯು-12, 14.9ಕ್ಕೆ ಡಬ್ಲ್ಯು-13 ಎಂಬ ಅಗಲದ ರಿಮ್ಮು ತಕ್ಕ ಜೋಡಿ. ಈ ಗುರುತು ರಿಮ್ಮಿನ ಮೇಲೆಯೇ ಒತ್ತಿರುತ್ತದೆ. ಇಕ್ಕಟ್ಟಾದ ರಿಮ್ಮಿನಲ್ಲಿ ಅಗಲ ಟೈರು ಕೂರಿಸಿದರೆ ಅದರ ಬೆನ್ನು ಗುಂಡಗಾಗಿ ನಡುಭಾಗ ಮಾತ್ರ ನೆಲ ಮುಟ್ಟುತ್ತದೆ. ಅಗಲಕ್ಕೆಂದು ಕೊಟ್ಟ ದುಡ್ಡು ದಂಡ.

ಟೈರು ಮಡ್‌ಗಾರ್ಡಿಗೂ ಕೆಳಗಿನ ಲಿಂಕುಗಳಿಗೂ ತಗಲಬಾರದು. ಅಂಗಡಿಯ ಮುಂದೆ ಒಣ ನೆಲದಲ್ಲಿ ನೋಡಿ ಸಮಾಧಾನಪಡಬೇಡಿ; ಎರೆ ಮಣ್ಣು ಹಲ್ಲಿಗೆ ಮೆತ್ತಿಕೊಂಡಾಗ ಎಷ್ಟು ದಪ್ಪವಾಗುತ್ತದೆಂದು ನೀವೇ ಬಲ್ಲಿರಿ. ಹತ್ತಿ, ಜೋಳ, ತೊಗರಿಯ ಸಾಲುಗಳ ನಡುವೆ ಎಡೆ ಹೊಡೆಯುವವರಿಗೆ ಅಗಲ ಟೈರಿಗಿಂತ ಕಿರಿದಾದ ಟೈರೇ ಒಳ್ಳೆಯದು.

ಕೊಳ್ಳುವ ಮುನ್ನ ಒಂದು ಪರೀಕ್ಷೆ

“ಟ್ರಾಕ್ಟರು ಜಾರುತ್ತದೆ, ದೊಡ್ಡ ಟೈರು ಬೇಕು” ಎನ್ನುವವರು ಮೊದಲು ಎಷ್ಟು ಜಾರುತ್ತದೆಂದು ಅಳೆದು ನೋಡಲಿ. ಇದಕ್ಕೆ ಒಂದು ಸುಣ್ಣದ ಕಡ್ಡಿ, ಒಂದು ಅಳತೆ ಪಟ್ಟಿ ಸಾಕು.

1. ಹಿಂದಿನ ಟೈರಿನ ಬದಿಗೆ ಸುಣ್ಣದ ಗೆರೆ ಎಳೆಯಿರಿ.
2. ನೇಗಿಲನ್ನು ಮೇಲೆತ್ತಿ ಹೊಲದಲ್ಲಿ ಚಕ್ರ 10 ಸುತ್ತು ಸುತ್ತುವವರೆಗೆ ನಡೆಸಿ, ದೂರವನ್ನು ಅಳೆಯಿರಿ. 40 ಮೀಟರು ಬಂತೆಂದು ಇಟ್ಟುಕೊಳ್ಳಿ.
3. ಅದೇ ಹೊಲದಲ್ಲಿ, ಅದೇ ಗೇರಿನಲ್ಲಿ, ನೇಗಿಲು ಇಳಿಸಿ ಉಳುತ್ತ ಮತ್ತೆ 10 ಸುತ್ತು ನಡೆಸಿ. ಈಗ 34 ಮೀಟರು ಬಂದರೆ 6 ಮೀಟರು ಜಾರಿಕೆಯಲ್ಲಿ ಹೋಯಿತು. ಅಂದರೆ ನೂರಕ್ಕೆ 15.

ಉಳುಮೆಯಲ್ಲಿ ಜಾರಿಕೆ ನೂರಕ್ಕೆ 10ರಿಂದ 15ರ ಒಳಗಿದ್ದರೆ ಟೈರು ಸರಿಯಾಗಿದೆ. ಅಳತೆ ದೊಡ್ಡದು ಮಾಡುವ ಅಗತ್ಯವಿಲ್ಲ. ಅದಕ್ಕಿಂತ ಹೆಚ್ಚಾಗಿದ್ದರೆ ಮೊದಲು ಗಾಳಿ ನೋಡಿ, ಹಲ್ಲಿನ ಸವೆತ ನೋಡಿ, ಆಮೇಲೆ ಭಾರ ಸೇರಿಸಿ ನೋಡಿ. 13.6-28ರ ಟೈರಿನ ಟ್ಯೂಬಿಗೆ, ಮೂತಿಯನ್ನು ಮೇಲಕ್ಕೆ ನಿಲ್ಲಿಸಿ ಮುಕ್ಕಾಲು ಭಾಗ ನೀರು ತುಂಬಿದರೆ ಸುಮಾರು 200 ಲೀಟರು ಹಿಡಿಯುತ್ತದೆ. ಎರಡು ಟೈರಿಗೆ 400 ಕಿಲೋ ಭಾರ ಬಂತು; ಖರ್ಚು ಹೆಚ್ಚೇನೂ ಇಲ್ಲ. ಇಷ್ಟೆಲ್ಲ ಮಾಡಿದ ಮೇಲೂ ಜಾರಿದರೆ ದೊಡ್ಡ ಟೈರಿನ ಮಾತು ಎತ್ತಬಹುದು. ಜಾರಿಕೆ 10ಕ್ಕಿಂತ ಬಹಳ ಕಡಿಮೆಯಿದ್ದರೆ ಟ್ರಾಕ್ಟರು ಅನಾವಶ್ಯಕ ಭಾರ ಹೊರುತ್ತಿದೆ ಎಂದರ್ಥ, ನೀರು ಇಳಿಸಿರಿ.

ಕೆಸರು ಗದ್ದೆಗೆ

ತುಂಗಭದ್ರೆಯ ಅಚ್ಚುಕಟ್ಟಿನ ಎರೆ ಗದ್ದೆಯಾಗಲಿ, ಮಂಡ್ಯದ ನಾಲೆ ಬಯಲಾಗಲಿ, ನಾಟಿಗೆ ಮುನ್ನ ಕೆಸರು ಮಾಡುವಾಗ ಭಾರವೇ ಶತ್ರು. ಟೈರಿನಲ್ಲಿ ನೀರು ತುಂಬಿದ್ದರೆ ತೆಗೆದುಬಿಡಿ. ಇಲ್ಲಿ ದೊಡ್ಡ ಟೈರಿಗಿಂತ ಕಬ್ಬಿಣದ ಕೇಜ್ ಗಾಲಿ ಮೇಲು. ಕೆಸರಿನ ಮೇಲೆ ಟ್ರಾಕ್ಟರನ್ನು ತೇಲಿಸಿದಂತೆ ನಡೆಸುತ್ತದೆ, ಮಣ್ಣನ್ನೂ ಕಲಕುತ್ತದೆ. ಆದರೆ ಅದನ್ನು ಹಾಕಿಕೊಂಡೇ ಟಾರು ರಸ್ತೆಗೆ ಬರಕೂಡದು. ಊರಿನ ರಸ್ತೆ ನಮ್ಮದೇ ದುಡ್ಡಿನದು. ಗದ್ದೆಯ ಬದುವಿನಲ್ಲೇ ಬಿಚ್ಚಿ ಟ್ರೇಲರಿನಲ್ಲಿ ತರುವುದು ಅರ್ಧ ಗಂಟೆಯ ಕೆಲಸ.

ಹೂತ ಟ್ರಾಕ್ಟರು: ಪ್ರಾಣದ ಮಾತು

ಎಂಥ ಟೈರಿದ್ದರೂ ಒಮ್ಮೊಮ್ಮೆ ಟ್ರಾಕ್ಟರು ಹೂಳುತ್ತದೆ. ಆಗ ಹಿಂದಿನ ಚಕ್ರಕ್ಕೆ ಮರದ ತುಂಡು ಕಟ್ಟಿ ಮುಂದಕ್ಕೆ ಹೊಡೆಯುವ ರೂಢಿ ಹಲವು ಕಡೆ ಉಂಟು. ಇದನ್ನು ಖಂಡಿತ ಮಾಡಕೂಡದು. ತುಂಡು ನೆಲಕ್ಕೆ ಕಚ್ಚಿ ಚಕ್ರ ತಿರುಗದೆ ನಿಂತಾಗ ಎಂಜಿನ್ನಿನ ಬಲ ಟ್ರಾಕ್ಟರಿನ ಮೈಯನ್ನೇ ಮೇಲೆತ್ತುತ್ತದೆ. ಮುಂಭಾಗ ಎದ್ದು ಹಿಂದಕ್ಕೆ ಮಗುಚಿ ಚಾಲಕನ ಮೇಲೆ ಬೀಳಲು ಎರಡು ಸೆಕೆಂಡು ಸಾಕು; ಜಿಗಿಯಲು ಸಮಯ ಸಿಗದು. ಎಳೆಯುವ ಸರಪಳಿಯನ್ನು ಮೇಲಿನ ಲಿಂಕಿನ ಜಾಗಕ್ಕೆ ಕಟ್ಟುವುದೂ ಇಷ್ಟೇ ಅಪಾಯ. ಹಿಡಿತ ಹೆಚ್ಚಿರುವ ದೊಡ್ಡ ಟೈರಿದ್ದಲ್ಲಿ ಈ ಅಪಾಯ ಹೆಚ್ಚೇ ಹೊರತು ಕಡಿಮೆಯಲ್ಲ.

ಹೂತರೆ ಮೊದಲು ಉಪಕರಣ ಬಿಚ್ಚಿ, ಚಕ್ರದ ಹಿಂದಿನ ಕೆಸರು ತೋಡಿ, ಬಂದ ದಾರಿಯಲ್ಲೇ ಹಿಂದಕ್ಕೆ ತೆಗೆಯಲು ನೋಡಿ. ಆಗದಿದ್ದರೆ ಗಟ್ಟಿ ನೆಲದಲ್ಲಿ ನಿಂತ ಇನ್ನೊಂದು ಟ್ರಾಕ್ಟರಿನಿಂದ ಎಳೆಸಿ. ಅದರ ಸರಪಳಿಯೂ ಕೆಳಗಿನ ಡ್ರಾಬಾರಿಗೇ ಇರಲಿ, ಹತ್ತಿರ ಯಾರೂ ನಿಲ್ಲದಿರಲಿ.

ಕಾನೂನು ಮತ್ತು ಅಂಗಡಿ

ಅಮೆರಿಕದಲ್ಲಿ ಪಿಕಪ್ ಗಾಡಿಗಳನ್ನು ಎತ್ತರಿಸಿ ಭಾರಿ ಟೈರು ಹಾಕಿ ಓಡಿಸುವುದನ್ನು ಫೋನಿನಲ್ಲಿ ನೋಡಿ, ನಮ್ಮ ಯುವಕರು ಜೀಪು, ಪಿಕಪ್‌ಗಳಿಗೂ ಹಾಗೆ ಮಾಡಿಸಬಯಸುತ್ತಾರೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ಹೇಳಿದುದಕ್ಕೆ ಹೊರತಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. ಟ್ರಾಕ್ಟರೂ ನೋಂದಾಯಿತ ವಾಹನವೇ. ಕಂಪನಿಯ ಪಟ್ಟಿಯಲ್ಲಿರುವ ಅಳತೆಗಳೊಳಗೆ ಆರಿಸಿಕೊಂಡರೆ ವಿಮೆಯ ತಕರಾರಿಗೂ ಆಸ್ಪದವಿಲ್ಲ.

ಅಂಗಡಿಯಲ್ಲಿ ಟೈರಿನ ಬದಿಯಲ್ಲಿರುವ ನಾಲ್ಕು ಅಂಕಿಯ ಗುರುತು ನೋಡಿ. 2324 ಎಂದಿದ್ದರೆ ಅದು 2024ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದುದು. ಬದಿಯಲ್ಲಿ ಬಿರುಕಿದ್ದರೆ ಬೇಡ. ಕೂರಿಸುವಾಗ ಬಾಣದ ಗುರುತು ಮುಂದಕ್ಕೆ ತಿರುಗುವ ದಿಕ್ಕಿಗಿರಲಿ. ತಿರುವುಮುರುವಾದರೆ ಹಲ್ಲು ಕೆಸರನ್ನು ಹೊರದೂಡದೆ ತುಂಬಿಕೊಳ್ಳುತ್ತದೆ.

ಕೊನೆಯದಾಗಿ, ಟೈರು ಬದಲಿಸುವ ಯೋಚನೆಯಿರುವವರು ಮೊದಲು ಸುಣ್ಣದ ಗೆರೆಯ ಪರೀಕ್ಷೆ ಮಾಡಿ, ಎರಡು ದೂರಗಳನ್ನೂ ಬರೆದಿಟ್ಟುಕೊಳ್ಳಿರಿ. ಆ ಚೀಟಿಯನ್ನೂ ಟ್ರಾಕ್ಟರಿನ ಕೈಪಿಡಿಯನ್ನೂ ಹಿಡಿದೇ ಅಂಗಡಿಗೆ ಹೋಗಿ. ಹೊಲ ಏನು ಕೇಳುತ್ತದೆಂದು ಆ ಎರಡು ಅಂಕಿಗಳು ನಿಮಗೆ ಹೇಳುತ್ತವೆ. ಅಂಗಡಿಯವನು ಹೇಳುವವರೆಗೆ ಕಾಯಬೇಕಾಗಿಲ್ಲ.