ಉಚ್ಚಾಟನೆಯ ಅಧಿಕಾರ ಯಾರ ಕೈಯಲ್ಲಿ?

ನೋಂದಣಿ ಬಯಸುವ ರಾಜಕೀಯ ಪಕ್ಷವು ತನ್ನ ನಿಯಮಾವಳಿಯನ್ನು, ಅಂದರೆ ಪಕ್ಷದ ಸಂವಿಧಾನವನ್ನು, ಚುನಾವಣಾ ಆಯೋಗಕ್ಕೆ ಸಲ್ಲಿಸಬೇಕೆಂದೂ ಅದರಲ್ಲಿ ದೇಶದ ಸಂವಿಧಾನಕ್ಕೂ ಪ್ರಜಾಪ್ರಭುತ್ವಕ್ಕೂ ನಿಷ್ಠೆ ಘೋಷಿಸಿರಬೇಕೆಂದೂ 1951ರ ಜನತಾ ಪ್ರಾತಿನಿಧ್ಯ ಕಾಯ್ದೆಯ 29ಎ ಕಲಂ ವಿಧಿಸುತ್ತದೆ. ಆದರೆ ಸದಸ್ಯರೊಬ್ಬರ ಮೇಲೆ ಆರೋಪ ಬಂದಾಗ ಅದನ್ನು ಯಾರು ವಿಚಾರಿಸಬೇಕು, ಉತ್ತರಿಸಲು ಎಷ್ಟು ಕಾಲಾವಕಾಶ ಕೊಡಬೇಕು, ಶಿಕ್ಷೆಗೆ ಗುರಿಯಾದವರು ಯಾರಲ್ಲಿ ಮೇಲ್ಮನವಿ ಸಲ್ಲಿಸಬೇಕು ಎಂಬ ಬಗ್ಗೆ ಆ ಕಾಯ್ದೆ ಏನನ್ನೂ ಹೇಳುವುದಿಲ್ಲ. ಆ ಜಾಗವನ್ನು ಪಕ್ಷಗಳು ತಮ್ಮ ಶಿಸ್ತು ಸಮಿತಿಗಳಿಂದಲೂ, ಯಾವ ನಡೆಗೂ ಹೊಂದಿಸಬಹುದಾದ 'ಪಕ್ಷವಿರೋಧಿ ಚಟುವಟಿಕೆ' ಎಂಬ ಪದಗುಚ್ಛದಿಂದಲೂ ತುಂಬಿಕೊಂಡಿವೆ. ಶಿಸ್ತಿನ ನಿಯಮಗಳ ಕೊರತೆ ಎಲ್ಲೂ ಇಲ್ಲ. ಕೊರತೆಯಿರುವುದು ಆರೋಪ ಹೊರಿಸುವವರನ್ನೂ ತೀರ್ಪು ಕೊಡುವವರನ್ನೂ ಬೇರ್ಪಡಿಸುವ ನಿಯಮದ್ದು.

ಈ ಕೊರತೆ ಎಲ್ಲಿಗೆ ಒಯ್ಯಬಲ್ಲದೆಂಬುದು 1969ರ ಕಾಂಗ್ರೆಸ್ಸಿನಲ್ಲಿ ಸ್ಪಷ್ಟವಾಯಿತು. ಆ ವರ್ಷದ ಜುಲೈನಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ನಡೆದ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಅಧಿವೇಶನದ ವೇಳೆ ಪಕ್ಷದ ಸಂಸದೀಯ ಮಂಡಳಿಯು ಪ್ರಧಾನಿ ಇಂದಿರಾ ಗಾಂಧಿಯವರ ಇಚ್ಛೆಗೆ ವಿರುದ್ಧವಾಗಿ ನೀಲಂ ಸಂಜೀವ ರೆಡ್ಡಿಯವರನ್ನು ರಾಷ್ಟ್ರಪತಿ ಚುನಾವಣೆಯ ಅಭ್ಯರ್ಥಿಯಾಗಿ ಆರಿಸಿತು. ಪಕ್ಷದ ಅಧ್ಯಕ್ಷರಾಗಿದ್ದವರು ಮೈಸೂರು ರಾಜ್ಯದ ಮಾಜಿ ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪ. ಅವರು ರೆಡ್ಡಿಯವರಿಗೆ ಎರಡನೆಯ ಪ್ರಾಶಸ್ತ್ಯದ ಮತ ಕೋರಿ ಸ್ವತಂತ್ರ ಪಕ್ಷ ಮತ್ತು ಜನಸಂಘದ ನಾಯಕರನ್ನು ಸಂಪರ್ಕಿಸಿದರು; ಇಂದಿರಾ ಬಣ ಅದನ್ನೇ ಹಿಡಿದು 'ಆತ್ಮಸಾಕ್ಷಿಯ ಮತ'ದ ಮಾತೆತ್ತಿತು; ಆಗಸ್ಟಿನಲ್ಲಿ ಪಕ್ಷೇತರ ಅಭ್ಯರ್ಥಿ ವಿ.ವಿ. ಗಿರಿ ಗೆದ್ದರು. ಪಕ್ಷದ ಅಧಿಕೃತ ಅಭ್ಯರ್ಥಿಯನ್ನು ಪಕ್ಷದವರೇ ಸೋಲಿಸಿದ್ದರಿಂದ ಅಶಿಸ್ತಿನ ಆರೋಪಕ್ಕೆ ಇದಕ್ಕಿಂತ ಗಟ್ಟಿ ನೆಲೆ ಬೇಕಿರಲಿಲ್ಲ. ಆದರೂ ಆರೋಪಿಯ ಸ್ಥಾನದಲ್ಲಿ ಪ್ರಧಾನಿ ಇದ್ದರು, ತೀರ್ಪುಗಾರರ ಸ್ಥಾನದಲ್ಲಿ ಅವರ ಎದುರಾಳಿಗಳೇ ಇದ್ದರು. ನವೆಂಬರ್ 1ರಂದು ದೆಹಲಿಯಲ್ಲಿ ಕಾರ್ಯಕಾರಿ ಸಮಿತಿಯ ಹೆಸರಿನಲ್ಲಿ ಎರಡು ಸಭೆಗಳು ಸೇರಿದವು, ಒಂದು ಪಕ್ಷದ ಕಚೇರಿಯಲ್ಲಿ, ಇನ್ನೊಂದು ಪ್ರಧಾನಿಯ ನಿವಾಸದಲ್ಲಿ. ನವೆಂಬರ್ 12ರಂದು ನಿಜಲಿಂಗಪ್ಪನವರ ಬಣ ಇಂದಿರಾ ಅವರನ್ನು ಪ್ರಾಥಮಿಕ ಸದಸ್ಯತ್ವದಿಂದಲೇ ಉಚ್ಚಾಟಿಸಿ, ಹೊಸ ನಾಯಕನನ್ನು ಆರಿಸುವಂತೆ ಸಂಸದೀಯ ಪಕ್ಷಕ್ಕೆ ಸೂಚಿಸಿತು. ಸಂಸದರಲ್ಲಿ ಬಹುಪಾಲು ಜನ ಇಂದಿರಾ ಅವರ ಬೆನ್ನಿಗೆ ನಿಂತರು. ಅದೇ ತಿಂಗಳ ಕೊನೆಯಲ್ಲಿ ಅವರ ಬಣ ಬೇರೆಯೇ ಸಭೆ ಕರೆದು ನಿಜಲಿಂಗಪ್ಪನವರನ್ನು ಅಧ್ಯಕ್ಷ ಸ್ಥಾನದಿಂದ ಇಳಿಸಿತು.

ಯಾವುದು ನಿಜವಾದ ಕಾಂಗ್ರೆಸ್ ಎಂಬ ಪ್ರಶ್ನೆ ಚುನಾವಣಾ ಆಯೋಗಕ್ಕೆ ಬಂದಾಗ, ಎರಡೂ ಬಣಗಳು ಪರಸ್ಪರರನ್ನು ತೆಗೆದುಹಾಕಿದ್ದರಿಂದ ಪಕ್ಷದ ಸಂವಿಧಾನವನ್ನು ಹಿಡಿದು ತೀರ್ಮಾನಿಸುವುದು ಸಾಧ್ಯವಾಗದೆ, ಆಯೋಗ ತಲೆಯೆಣಿಕೆಗೆ ಇಳಿಯಬೇಕಾಯಿತು. ಸಂಘಟನೆಯಲ್ಲೂ ಶಾಸನಸಭೆಗಳಲ್ಲೂ ಯಾರಿಗೆ ಬಹುಮತವಿದೆಯೋ ಅವರೇ ಪಕ್ಷ ಎಂಬ ಈ ಒರೆಗಲ್ಲನ್ನು ಸಾದಿಕ್ ಅಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1971ರಲ್ಲಿ ಎತ್ತಿಹಿಡಿಯಿತು. ಉಚ್ಚಾಟನೆ ಸರಿಯೋ ತಪ್ಪೋ ಎಂಬುದು ಅಲ್ಲಿಗೆ ಅಪ್ರಸ್ತುತವಾಯಿತು.

1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೆಯ ಅನುಸೂಚಿ, ಅಂದರೆ ಪಕ್ಷಾಂತರ ನಿಷೇಧ ಕಾನೂನು, ಶಾಸಕರು ತಾವಾಗಿ ಪಕ್ಷ ಬಿಡುವುದನ್ನೂ ಸದನದಲ್ಲಿ ವಿಪ್ ಉಲ್ಲಂಘಿಸುವುದನ್ನೂ ಅನರ್ಹತೆಗೆ ಕಾರಣವಾಗಿಸಿತು. (ವಿಪ್ ಎಂದರೆ ಹೀಗೇ ಮತ ಹಾಕಬೇಕೆಂದು ಪಕ್ಷ ಹೊರಡಿಸುವ ಆದೇಶ.) ಪಕ್ಷವೇ ಹೊರಹಾಕಿದವರ ಸ್ಥಿತಿಯನ್ನು ಅದು ಹೇಳಲಿಲ್ಲ. ತಮಿಳುನಾಡಿನ ಜಿ. ವಿಶ್ವನಾಥನ್ ಪ್ರಕರಣದಲ್ಲಿ 1996ರಲ್ಲಿ ಸುಪ್ರೀಂ ಕೋರ್ಟ್, ಉಚ್ಚಾಟಿತ ಶಾಸಕ ತನ್ನನ್ನು ಕಣಕ್ಕಿಳಿಸಿದ ಪಕ್ಷಕ್ಕೇ ಸೇರಿದವನೆಂದು ಭಾವಿಸಬೇಕೆಂದಿತು. ಸಮಾಜವಾದಿ ಪಕ್ಷ ಉಚ್ಚಾಟಿಸಿದ ಸಂಸದರಾದ ಅಮರ್ ಸಿಂಗ್ ಮತ್ತು ಜಯಪ್ರದಾ ಅವರ ಪ್ರಕರಣದಲ್ಲಿ ಇದೇ ಪ್ರಶ್ನೆ ದೊಡ್ಡ ಪೀಠಕ್ಕೆ ಹೋಯಿತಾದರೂ, ಅವರ ಅವಧಿ ಮುಗಿದಿದ್ದರಿಂದ 2016ರಲ್ಲಿ ಪೀಠ ಅದಕ್ಕೆ ಉತ್ತರಿಸಲಿಲ್ಲ. ಪಕ್ಷದ ಸಭೆಗೆ ಪ್ರವೇಶವಿಲ್ಲ, ಪಕ್ಷದ ವಿಪ್‌ನಿಂದ ಬಿಡುಗಡೆಯೂ ಇಲ್ಲ ಎಂಬ ಈ ವಿಚಿತ್ರ ಸ್ಥಿತಿ ಹೀಗೆ ಉಳಿದುಕೊಂಡಿದೆ.

ಕರ್ನಾಟಕಕ್ಕೆ ಇದು ಹತ್ತಿರದ ಸಂಗತಿ. ವಿಜಯಪುರದ ಶಾಸಕ ಬಸನಗೌಡ ಪಾಟೀಲ ಯತ್ನಾಳ ಅವರಿಗೆ ಬಿಜೆಪಿಯ ಕೇಂದ್ರ ಶಿಸ್ತು ಸಮಿತಿ 2025ರ ಫೆಬ್ರವರಿಯಲ್ಲಿ 72 ಗಂಟೆಗಳ ಗಡುವಿನ ಕಾರಣ ಕೇಳುವ ನೋಟಿಸ್ ಕೊಟ್ಟು, ಮಾರ್ಚ್ 26ರಂದು ಆರು ವರ್ಷಗಳ ಅವಧಿಗೆ ಉಚ್ಚಾಟಿಸಿತು. ಹಿಂದಿನ ವರ್ಷ ಶಿವಮೊಗ್ಗದಲ್ಲಿ ಪಕ್ಷೇತರರಾಗಿ ನಿಂತ ಕೆ.ಎಸ್. ಈಶ್ವರಪ್ಪನವರಿಗೂ ಇದೇ ಆರು ವರ್ಷ. ಶಿಕ್ಷೆಯ ಅವಧಿ ತಪ್ಪಿನ ತೂಕಕ್ಕೆ ತಕ್ಕಂತೆ ಬದಲಾಗದಿರುವುದು ಒಂದು ದೋಷವಾದರೆ, ಅದು ಪೂರ್ಣಗೊಳ್ಳುವ ಖಾತರಿಯೂ ಇಲ್ಲದಿರುವುದು ಇನ್ನೊಂದು. 2009ರ ಆಗಸ್ಟಿನಲ್ಲಿ ಜಿನ್ನಾ ಕುರಿತ ಪುಸ್ತಕಕ್ಕಾಗಿ ಜಸ್ವಂತ್ ಸಿಂಗ್ ಅವರನ್ನು ಬಿಜೆಪಿ ಹೊರಹಾಕಿದಾಗ ಅವರಿಗೆ ಆ ಸುದ್ದಿ ಶಿಮ್ಲಾದಲ್ಲಿ ದೂರವಾಣಿಯ ಮೂಲಕ ತಲುಪಿತು. ವರ್ಷ ತುಂಬುವ ಮೊದಲೇ, 2010ರ ಜೂನ್‌ನಲ್ಲಿ, ಅವರು ಮರಳಿ ಪಕ್ಷದಲ್ಲಿದ್ದರು. ಆಂತರಿಕ ಲೋಕಪಾಲನನ್ನು ನೇಮಿಸಿ ಬೇರೆ ದಾರಿ ತುಳಿದ ಆಮ್ ಆದ್ಮಿ ಪಕ್ಷವೂ 2015ರಲ್ಲಿ ತನ್ನ ನಾಯಕರಾದ ಯೋಗೇಂದ್ರ ಯಾದವ್ ಮತ್ತು ಪ್ರಶಾಂತ್ ಭೂಷಣ್ ಅವರನ್ನು ಹೊರಹಾಕುವ ವಿವಾದ ಬಂದಾಗ ಲೋಕಪಾಲ ಅಡ್ಮಿರಲ್ ರಾಮದಾಸ್ ಅವರನ್ನು ರಾಷ್ಟ್ರೀಯ ಮಂಡಳಿಯ ಸಭೆಯಿಂದ ದೂರವಿರಲು ಕೇಳಿಕೊಂಡಿತು, ಬಳಿಕ ಅವರನ್ನೇ ಬದಲಿಸಿತು.

ಜರ್ಮನಿ ಈ ವಿಷಯವನ್ನು ಪಕ್ಷಗಳ ಸದ್ಬುದ್ಧಿಗೆ ಬಿಟ್ಟಿಲ್ಲ. ಅಲ್ಲಿನ 1967ರ ಪಕ್ಷಗಳ ಕಾಯ್ದೆಯಂತೆ, ಸದಸ್ಯರು ಉದ್ದೇಶಪೂರ್ವಕವಾಗಿ ನಿಯಮಾವಳಿಯನ್ನು ಮುರಿದು, ಇಲ್ಲವೇ ಪಕ್ಷದ ತತ್ತ್ವವನ್ನೋ ಶಿಸ್ತನ್ನೋ ಗಂಭೀರವಾಗಿ ಉಲ್ಲಂಘಿಸಿ, ಅದರಿಂದ ಪಕ್ಷಕ್ಕೆ ತೀವ್ರ ಹಾನಿಯಾಗಿದ್ದರೆ ಮಾತ್ರ ಉಚ್ಚಾಟನೆ ಸಲ್ಲುತ್ತದೆ. ಅದನ್ನು ತೀರ್ಮಾನಿಸುವುದು ಪಕ್ಷದೊಳಗಿನ ಪಂಚಾಯ್ತಿ ನ್ಯಾಯಮಂಡಳಿ. ಪಕ್ಷದ ಕಾರ್ಯಕಾರಿ ಸಮಿತಿಯವರಾಗಲಿ ಪಕ್ಷದಿಂದ ಸಂಬಳ ಪಡೆಯುವವರಾಗಲಿ ಅದರಲ್ಲಿ ಕೂರುವಂತಿಲ್ಲ. ತೀರ್ಪಿಗೆ ಲಿಖಿತ ಕಾರಣ ಬೇಕು, ಮೇಲ್ಮನವಿಗೆ ಅವಕಾಶ ಇರಲೇಬೇಕು. ಇದರ ಬೆಲೆ ನಿಧಾನ: ವಲಸಿಗರ ಕುರಿತ 2010ರ ಪುಸ್ತಕದಿಂದ ವಿವಾದಕ್ಕೊಳಗಾದ ಟಿಲೋ ಸಾರಾಟ್ಸಿನ್ ಅವರನ್ನು ಹೊರಹಾಕಲು ಸೋಷಿಯಲ್ ಡೆಮಾಕ್ರಟಿಕ್ ಪಕ್ಷಕ್ಕೆ 2020ರವರೆಗೆ ಸಾಧ್ಯವಾಗಲಿಲ್ಲ. ಚುನಾವಣೆಗೆ ಮೂರು ವಾರ ಉಳಿದಿರುವಾಗ ಬಂಡಾಯ ಅಭ್ಯರ್ಥಿಯನ್ನು ಎದುರಿಸುವ ಜಿಲ್ಲಾ ಅಧ್ಯಕ್ಷರಿಗೆ ಇಷ್ಟು ತಾಳ್ಮೆ ಬೋಧಿಸುವುದು ವ್ಯರ್ಥ. ಅಂಥ ಸಂದರ್ಭಕ್ಕೆ ತಕ್ಷಣದ ಅಮಾನತು, ಅಂದರೆ ತಾತ್ಕಾಲಿಕ ತಡೆ, ಸಾಕು. ಅಂತಿಮ ಉಚ್ಚಾಟನೆಯನ್ನು ಸ್ವತಂತ್ರ ಮಂಡಳಿಗೆ ಬಿಡಬಹುದು.

ಪಕ್ಷಗಳ ಆಂತರಿಕ ಪ್ರಜಾಪ್ರಭುತ್ವವನ್ನು ಕಾನೂನಿನ ಚೌಕಟ್ಟಿಗೆ ತರಬೇಕೆಂದು ಕಾನೂನು ಆಯೋಗ 1999ರ ತನ್ನ 170ನೆಯ ವರದಿಯಲ್ಲೇ ಶಿಫಾರಸು ಮಾಡಿದೆ. ಅಂಥ ಮಸೂದೆ ಎಂದಾದರೂ ಸಂಸತ್ತಿನ ಮುಂದೆ ಬಂದರೆ, ಅದರ ಪರವಾಗಿ ಮತ ಹಾಕಬೇಕೋ ಬೇಡವೋ ಎಂಬ ವಿಪ್ ಹೊರಡಿಸುವವರು ಇಂದು ಉಚ್ಚಾಟನೆಯ ಅಧಿಕಾರವನ್ನು ಕೈಯಲ್ಲಿಟ್ಟುಕೊಂಡಿರುವ ಹೈಕಮಾಂಡುಗಳೇ.